ಏಳನೆಯ ಕಂಬಸಾಲು

ಪುಣೆ
10-3-2003

ಮಾನ್ಯ ಕೋದಂಡರಾಮಪ್ಪನವರಿಗೆ,

ನಾನು ನಮ್ಮ ಕಂಪನಿಯ ಪ್ರಧಾನ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿರುವ ಶ್ರೀಪ್ರಿಯಾ. ಶ್ರೀನಿವಾಸಪುರದ ನಿಮ್ಮ ಮಾವಿನ ತಿರುಳಿನ ಕಾರ್ಖಾನೆಯನ್ನು ಕಂಪನಿ ಕಳೆದ ವರ್ಷ ಕೊಂಡ ಮೇಲೆ ಇಲ್ಲಿಂದ ನಿಮಗೆ ಇಂಗ್ಲಿಷಿನಲ್ಲಿ ಮೂರು ಪತ್ರಗಳು ಹೋಗಿವೆ. ಒಂದಕ್ಕೂ ಉತ್ತರ ಬಂದಿಲ್ಲ. ನಾನು ಮುಳಬಾಗಿಲಿನವಳೆಂದು ಗೊತ್ತಾದ ಮೇಲೆ ನಾಲ್ಕನೆಯದನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೇ ಒಂದರಿಂದ ಎಲ್ಲ ಕಾರ್ಖಾನೆಗಳೂ ‘ಸಮಗ್ರ’ ಎಂಬ ಒಂದೇ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಬೇಕೆಂದು ತೀರ್ಮಾನವಾಗಿದೆ. ಹಣ್ಣು ಮಾಗಿಸುವ ಮನೆಯ ಮೇಲ್ವಿಚಾರಕರಾಗಿ ನೀವು ಈಗ ಯಾವ ಸಾಫ್ಟ್‌ವೇರ್ ಬಳಸುತ್ತಿದ್ದೀರಿ, ಅದನ್ನು ಯಾವ ಸಂಸ್ಥೆ ಮಾಡಿಕೊಟ್ಟಿತು ಎಂಬುದನ್ನು ದಯವಿಟ್ಟು ತಿಳಿಸಿ. ಜೊತೆಗೆ ಕೆಲಸಗಾರರ ಪಟ್ಟಿಯನ್ನೂ ಕಳುಹಿಸಿ.

ಇಂತಿ,
ಶ್ರೀಪ್ರಿಯಾ


ಶ್ರೀನಿವಾಸಪುರ
೧೯ ಮಾರ್ಚ್ ೨೦೦೩

ಶ್ರೀಪ್ರಿಯಾ ಅವರಿಗೆ,

ತಮ್ಮ ಪತ್ರ ತಲುಪಿತು. ಹಿಂದಿನ ಮೂರೂ ತಲುಪಿದ್ದವು. ಓದಲು ಬಾರದ್ದರಿಂದ ಉತ್ತರಿಸಲಿಲ್ಲವೆಂದು ಭಾವಿಸಬೇಡಿ, ಓದಿದ್ದರಿಂದಲೇ ಉತ್ತರಿಸಲಿಲ್ಲ.

ತಮ್ಮ ಪತ್ರದ ಕನ್ನಡದಲ್ಲಿ ತಿದ್ದಬೇಕಾದ ಸ್ಥಳಗಳು ಒಂಬತ್ತು. ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ. ನೊಂದುಕೊಳ್ಳಬೇಕಿಲ್ಲ. ನಮ್ಮ ಹಿಂದಿನ ಮಾಲೀಕರ ಪತ್ರಗಳಲ್ಲಿ ಇಪ್ಪತ್ತಕ್ಕೆ ಕಡಿಮೆ ಇರುತ್ತಿರಲಿಲ್ಲ.

ಇಲ್ಲಿನ ತಂತ್ರಾಂಶವನ್ನು ಮಾಡಿಕೊಟ್ಟ ಸಂಸ್ಥೆ ನಾನೇ. ೧೯೯೬ರಲ್ಲಿ, ನನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಕೋಲಾರದ ಬಸ್ ನಿಲ್ದಾಣದ ಬಳಿ ಸೈಕಲ್ ಅಂಗಡಿಯೊಂದರ ಮಹಡಿಯ ಮೇಲೆ ಮೂರು ತಿಂಗಳು ಗಣಕಯಂತ್ರದ ಪಾಠ ಹೇಳಿಸಿಕೊಂಡು ಬಂದು ಇದನ್ನು ಕಟ್ಟಿದೆ. ಇದೊಂದು ಕೋಷ್ಟಕ. ಹಣ್ಣಿನ ಕ್ರೇಟುಗಳನ್ನು ಒಣಹುಲ್ಲಿನ ನಡುವೆ ಒಂದರ ಮೇಲೊಂದು ಪೇರಿಸಿದ ಪ್ರತಿಯೊಂದು ಅಟ್ಟಿಗೂ ಇದರಲ್ಲಿ ಒಂದು ಅಡ್ಡಸಾಲು ಇದೆ. ಅಟ್ಟಿಯ ಸಂಖ್ಯೆ, ತಳಿ, ಬಂದ ತೋಟ, ಬಂದ ದಿನ ಮುಂತಾದವು ಕಂಬಸಾಲುಗಳಲ್ಲಿವೆ. ಕನ್ನಡದ ಅಕ್ಷರಗಳನ್ನು ಒಂದೇ ಯಂತ್ರದಲ್ಲಿ ಕೂರಿಸಿರುವುದರಿಂದ ಬೇರೆ ಯಂತ್ರದಲ್ಲಿ ತೆರೆದರೆ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಕಾಣುತ್ತವೆ. ಇನ್ನೂರ ಹನ್ನೆರಡನೆಯ ಅಡ್ಡಸಾಲು ಖಾಲಿ ಇದೆ. ಅದನ್ನು ಅಳಿಸಿದರೆ ಮೇ ತಿಂಗಳಿಗಿಂತ ಮೊದಲು ಜುಲೈ ಬಂದುಬಿಡುತ್ತದೆ. ಏಕೆಂದು ನನಗೂ ತಿಳಿಯದು. ಯಾರೂ ಮುಟ್ಟದಿರಲೆಂದು ಅದಕ್ಕೆ ಹಳದಿ ಬಳಿದಿದ್ದೇನೆ. ಮುದ್ರಕದ ಎಡಗಾಲಿನ ಕೆಳಗೆ ಮಾವಿನ ವಾಟೆಯೊಂದನ್ನು ಇಟ್ಟರೆ ಕಾಗದ ನೇರವಾಗಿ ಬರುತ್ತದೆ.

ಇದು ಹೀನಾಯವೆನಿಸಿದರೆ ಮಾಲೂರಿನ ನಮ್ಮ ಡಬ್ಬಿಗಳ ಉಗ್ರಾಣವನ್ನು ನೋಡಬೇಕು. ಅಲ್ಲಿನ ದೊಡ್ಡವೆಂಕಟಪ್ಪನವರ ತಂತ್ರಾಂಶ ಗೋಡೆಯ ಮೇಲೆ ಇದ್ದಿಲಿನಲ್ಲಿದೆ. ಎರಡು ವರ್ಷಗಳ ಹಿಂದೆ ಸುಣ್ಣ ಹೊಡೆಸಿದಾಗ ಹಳೆಯ ದತ್ತಾಂಶವೆಲ್ಲ ಹೋಯಿತು.

ಏಳನೆಯ ಕಂಬಸಾಲು ‘ವಾಸನೆ’. ಅದರಲ್ಲಿ ಮೂರೇ ಮಾತುಗಳು ಬರುತ್ತವೆ: ಈಪೊದ್ದು, ನಾಳೆ, ಎಲ್ಲುಂಡಿ. ಆ ಅಟ್ಟಿಯ ಹಣ್ಣನ್ನು ಇಂದು, ನಾಳೆ ಅಥವಾ ನಾಡಿದ್ದು ತಿರುಳು ತೆಗೆಯುವ ಯಂತ್ರಕ್ಕೆ ಹಾಕಬೇಕೆಂದು ಅರ್ಥ. ಮೊದಲನೆಯದೂ ಕಡೆಯದೂ ತೆಲುಗು. ಉಳಿದೆಡೆ ಕನ್ನಡವಲ್ಲದ ಒಂದಕ್ಷರವನ್ನೂ ಸಹಿಸದ ನಾನು ಈ ಒಂದು ಕಂಬಸಾಲಿನಲ್ಲಿ ಮಾತ್ರ ಬಂದದ್ದನ್ನು ಬಂದಂತೆಯೇ ಬರೆಯುತ್ತೇನೆ. ಏಳು ವರ್ಷಗಳಲ್ಲಿ ಅದು ತಪ್ಪಿದ್ದು ಹನ್ನೊಂದು ಸಲ.

ಕೆಲಸಗಾರರ ಪಟ್ಟಿ ಇದರೊಂದಿಗಿದೆ.

ತಮ್ಮ ವಿಶ್ವಾಸಿ,
ಕೋದಂಡರಾಮಪ್ಪ


ಪುಣೆ
1-4-2003

ಮಾನ್ಯ ಕೋದಂಡರಾಮಪ್ಪನವರಿಗೆ,

ತಿದ್ದುಪಡಿಗಳಿಗೆ ಧನ್ಯವಾದ. ಎಂಟನ್ನು ಒಪ್ಪಿದ್ದೇನೆ. ಒಂದರ ಬಗ್ಗೆ ನಮ್ಮ ತಾಯಿಯನ್ನು ಕೇಳಬೇಕು.

ನಿಮ್ಮ ಏಳನೆಯ ಕಂಬಸಾಲಿನ ವಿಷಯ ಇಲ್ಲಿ ದೊಡ್ಡ ಸುದ್ದಿಯಾಗಿದೆ. ನಮ್ಮ ಬೇರೆ ಎರಡು ಕಾರ್ಖಾನೆಗಳಲ್ಲಿ ಪ್ರತಿ ವರ್ಷ ಎಷ್ಟೋ ಹಣ್ಣು ಕಾಯಾಗಿರುವಾಗಲೇ ಯಂತ್ರಕ್ಕೆ ಹೋಗುತ್ತದೆ, ಇಲ್ಲವೇ ಕೊಳೆಯುತ್ತದೆ. ನಮ್ಮ ಮುಖ್ಯಸ್ಥ ಕೌಸ್ತುಭ್ ಅವರು ಆ ವಾಸನೆ ಅಳೆಯುವ ಸಾಧನದ ಎಲ್ಲ ವಿವರಗಳನ್ನೂ ಕೇಳಿದ್ದಾರೆ. ಅದನ್ನು ಎಲ್ಲಿ, ಯಾವ ವರ್ಷ ತಯಾರಿಸಿದರು? ಎಷ್ಟು ವಿದ್ಯುತ್ ಬೇಕು? ಯಾವ ಹೊತ್ತಿನಲ್ಲಿ ನಿಖರವಾಗಿರುತ್ತದೆ? ಬೇರೆ ಕಾರ್ಖಾನೆಗೆ ಸಾಗಿಸಬಹುದೇ?

ಇನ್ನೊಂದು ಸಣ್ಣ ವಿಷಯ. ನಿಮ್ಮಲ್ಲಿ ಮಂಜೂರಾದ ಹುದ್ದೆಗಳು ನಲವತ್ತೊಂದು. ನೀವು ಕಳುಹಿಸಿದ ಪಟ್ಟಿಯಲ್ಲಿ ಹೆಸರುಗಳು ನಲವತ್ತೆರಡು. ಕಡೆಯ ಹೆಸರು ಮುನಿಶಾಮಮ್ಮ ಎಂದಿದೆ. ಕೆಲಸ ಎಂಬ ಕಡೆ ‘ಅಟ್ಟಿಗಳನ್ನು ನೋಡುವುದು’ ಎಂದು ಮಾತ್ರ ಬರೆದಿದ್ದೀರಿ. ಹುದ್ದೆ ಸಂಖ್ಯೆ ಇಲ್ಲದವರಿಗೆ ಜೂನ್ ಒಂದರಿಂದ ಸಮಗ್ರ ಗೇಟಿನ ಚೀಟಿ ಕೊಡುವುದಿಲ್ಲ. ಅವರನ್ನು ಬಿಡಿಸಬಹುದೇ ಎಂದು ತಿಳಿಸಿ.

ಇಂತಿ,
ಶ್ರೀಪ್ರಿಯಾ


ಶ್ರೀನಿವಾಸಪುರ
೯ ಏಪ್ರಿಲ್ ೨೦೦೩

ಶ್ರೀಪ್ರಿಯಾ ಅವರಿಗೆ,

ತಾವು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದ್ದೀರಿ. ಆದ್ದರಿಂದ ಬೇರೆ ಬೇರೆಯಾಗಿಯೇ ಉತ್ತರಿಸುತ್ತೇನೆ.

ವಾಸನೆಯ ಕೆಲಸವೆಲ್ಲವೂ ನಡೆಯುವುದು ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ. ತಯಾರಾದ ಸ್ಥಳ ಆವನಿ. ವರ್ಷ ಖಚಿತವಾಗಿ ತಿಳಿಯದು. ೧೯೫೧ರ ಆಸುಪಾಸು ಇರಬಹುದು. ತಯಾರಿಸಿದವರು ಈಗಿಲ್ಲ. ಅಂಥದೇ ಇನ್ನೊಂದು ದೊರೆಯುವುದಿಲ್ಲ. ವಿದ್ಯುತ್ತಿನ ಅಗತ್ಯವಿಲ್ಲ. ಬೀಡಿಯ ಹೊಗೆ, ಅಗರಬತ್ತಿ, ಫಿನೈಲು ಹತ್ತಿರ ಬಂದರೆ ಕೆಲಸ ಕೆಡುತ್ತದೆ. ಮಳೆಗಾಲದಲ್ಲಿ ಒಮ್ಮೊಮ್ಮೆ ಕಟ್ಟಿಕೊಳ್ಳುವುದುಂಟು. ಮೂರು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ಸಾಗಿಸಲಾಗದು. ಹಿಂದಿನ ಮಾಲೀಕರು ಒಂದು ತಿಂಗಳ ಮಟ್ಟಿಗೆಂದು ಚಿತ್ತೂರಿಗೆ ಒಯ್ದಿದ್ದರು. ಮೂರನೆಯ ದಿನ ತಾನಾಗಿಯೇ ಹಿಂತಿರುಗಿತು.

ಇನ್ನು ಮುನಿಶಾಮಮ್ಮನವರ ವಿಷಯ. ಅವರು ಹತ್ತೊಂಬತ್ತು ವರ್ಷಗಳಿಂದ ದಿನಗೂಲಿಯ ಮೇಲೆ ಇಲ್ಲಿದ್ದಾರೆ. ಅವರನ್ನು ಬಿಡಿಸಲಾಗದು. ಅವರಿಗಾಗಿ ಒಂದು ಹುದ್ದೆಯನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ತಾವು ಇದನ್ನು ಸಣ್ಣ ವಿಷಯವೆಂದು ಕರೆದಿದ್ದೀರಿ. ಆ ವಿಶೇಷಣವನ್ನು ಹಿಂತೆಗೆದುಕೊಳ್ಳುವುದು ಒಳಿತು.

ತಮ್ಮ ವಿಶ್ವಾಸಿ,
ಕೋದಂಡರಾಮಪ್ಪ


ಪುಣೆ
6-5-2003

ಮಾನ್ಯ ಕೋದಂಡರಾಮಪ್ಪನವರಿಗೆ,

ನಿಮ್ಮ ಸಾಧನದ ವಿವರಗಳನ್ನು ಇಂಗ್ಲಿಷಿಗೆ ಹಾಕಿ, ನನ್ನ ಸಹಿಯೊಂದಿಗೆ ಮೇಲಕ್ಕೆ ಕಳುಹಿಸಿದೆ. ‘ತಾನಾಗಿಯೇ ಹಿಂತಿರುಗಿತು’ ಎಂಬುದನ್ನು ‘ಹಿಂತಿರುಗಿಸಲಾಯಿತು’ ಎಂದು ತಿದ್ದಿದ್ದೇನೆ. ಕಡೆಗೂ ನಿಮ್ಮ ಬರಹದಲ್ಲಿ ನನಗೊಂದು ತಪ್ಪು ಸಿಕ್ಕಿತು. ಸಾಧನವನ್ನು ಕಂಪನಿಯ ಸೊತ್ತೆಂದು ಸಮಗ್ರದಲ್ಲಿ ದಾಖಲಿಸಿ ಸಂಖ್ಯೆಯನ್ನೂ ಕೊಟ್ಟಾಗಿದೆ. ಆ ಸಂಖ್ಯೆಯ ತಗಡನ್ನು ಅದಕ್ಕೆ ಹೊಡೆದು, ಪರೀಕ್ಷಿಸಿ ಬರಲು ಕದಿರೇಶ ಎಂಬ ಎಂಜಿನಿಯರ್ ಇದೇ ತಿಂಗಳ ಇಪ್ಪತ್ತೆರಡರಂದು ಅಲ್ಲಿಗೆ ಬರುತ್ತಾರೆ.

ಮುನಿಶಾಮಮ್ಮನವರ ಹುದ್ದೆಗೆ ಒಪ್ಪಿಗೆ ಸಿಗಲಿಲ್ಲ. ‘ನೋಡುವುದು’ ಎಂಬ ಕೆಲಸ ಸಮಗ್ರದ ಪಟ್ಟಿಯಲ್ಲಿ ಇಲ್ಲ. ಕ್ಷಮಿಸಿ.

ಸಮಗ್ರ ಶುರುವಾಗಿ ಐದು ದಿನಗಳಾದರೂ ನೀವು ಹಳೆಯ ಕೋಷ್ಟಕವನ್ನೇ ನಡೆಸುತ್ತಿದ್ದೀರೆಂದು ದೂರು ಬಂದಿದೆ. ಅಟ್ಟಿ ಹಾಕಿದ ಆರನೆಯ ದಿನ ಹಣ್ಣು ಮಾಗುತ್ತದೆಂದು ಸಮಗ್ರದಲ್ಲಿ ಸೂತ್ರ ಹಾಕಿದ್ದಾರೆ. ದಯವಿಟ್ಟು ಅದರಂತೆ ನಡೆಯಿರಿ. ಇಲ್ಲಿ ಪ್ರಧಾನ ಕಚೇರಿಯಲ್ಲಿ ಎಲ್ಲವೂ ಸಮಗ್ರದಲ್ಲೇ ನಡೆಯುತ್ತದೆ.

ಇಂತಿ,
ಶ್ರೀಪ್ರಿಯಾ


ಶ್ರೀನಿವಾಸಪುರ
೪ ಜೂನ್ ೨೦೦೩

ಶ್ರೀಪ್ರಿಯಾ ಅವರಿಗೆ,

ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ಇನ್ನು ಏನನ್ನೂ ಮುಚ್ಚಿಡುವುದಿಲ್ಲ.

ಕದಿರೇಶ ಅವರು ಹೇಳಿದ ದಿನವೇ ಬಂದರು. ಕೈಯಲ್ಲಿ ಸಲಕರಣೆಯ ಪೆಟ್ಟಿಗೆ, ಜೇಬಿನಲ್ಲಿ ಸಂಖ್ಯೆ ಕೆತ್ತಿದ ಅಲ್ಯೂಮಿನಿಯಮ್ ತಗಡು. ಸಾಧನವನ್ನು ತೋರಿಸಿ ಎಂದರು. ನಾನು ಹದಿನಾಲ್ಕನೆಯ ಅಟ್ಟಿಯ ಕಡೆಗೆ ಕೈ ತೋರಿದೆ. ಅಲ್ಲಿ ಮುನಿಶಾಮಮ್ಮನವರು ಭುಜದವರೆಗೂ ತೋಳನ್ನು ಹುಲ್ಲಿನೊಳಗೆ ಇಳಿಸಿ, ಮುಖವನ್ನು ಕ್ರೇಟಿಗೆ ಒತ್ತಿ ನಿಂತಿದ್ದರು. ಆಕೆ ಸರಿದರೆ ಹಿಂದಿರುವ ಸಾಧನ ಕಾಣುವುದೆಂದು ಆತ ಹತ್ತು ನಿಮಿಷ ಕಾದರು.

“ಯಾಕಪ್ಪಾ ಅಲ್ಲೇ ನಿಂತಿದ್ದೀಯ? ಏನ್ ಬೇಕು?” ಎಂದರು ಮುನಿಶಾಮಮ್ಮ.

“ವಾಸನೆ ನೋಡೋ ಮಿಷನ್ ಎಲ್ಲಮ್ಮಾ? ತಗಡು ಹೊಡೀಬೇಕು.”

ಆಕೆ ನನ್ನ ಮುಖ ನೋಡಿದರು. ನಾನು ಸೂರಿನ ತೊಲೆಗಳನ್ನು ನೋಡುತ್ತಿದ್ದೆ.

“ನನ್ನ ಮೂಗಿಗಾ ತಗಡು ಹೊಡೆಯೋದು? ಮೂಗುಬೊಟ್ಟೇ ಇಕ್ಕೊಂಡೋಳಲ್ಲ ನಾನು, ತಗಡು ಇಕ್ಕೊಂತೀನಾ?”

ಅಂದು ಹದಿನಾಲ್ಕನೆಯ ಅಟ್ಟಿಗೆ ಆರನೆಯ ದಿನ. ಸಮಗ್ರದ ಪ್ರಕಾರ ಹಣ್ಣು ಸಿದ್ಧ. ಆಕೆ ಎಲ್ಲುಂಡಿ ಎಂದರು. ಕೊಯ್ದು ನೋಡಿದರೆ ವಾಟೆಯ ಸುತ್ತ ಇನ್ನೂ ಬಿಳಿಯ ಗಟ್ಟಿ. ಒಂಬತ್ತನೆಯ ಅಟ್ಟಿಗೆ ಸಮಗ್ರ ಇನ್ನೂ ಎರಡು ದಿನ ಕೊಟ್ಟಿತ್ತು. “ಈಪೊದ್ದಲ್ಲ, ನೆನ್ನೆನೇ ಆಗೋಗೈತೆ” ಎಂದರು. ತೆಗೆಸಿದರೆ ಕೆಳಗಿನ ಸಾಲಿನ ಕ್ರೇಟುಗಳಿಂದ ರಸ ಸುರಿಯುತ್ತಿತ್ತು. ಕದಿರೇಶ ಅವರು ತಗಡನ್ನು ಜೇಬಿಗೆ ಸೇರಿಸಿ, ಎರಡು ಹಣ್ಣು ತಿಂದು, ತಮ್ಮ ವರದಿಯಲ್ಲಿ ‘ಸಾಧನ ಸುಸ್ಥಿತಿಯಲ್ಲಿದೆ’ ಎಂದು ಬರೆದು ಹೊರಟರು.

ಜೂನ್ ಒಂದರ ಬೆಳಿಗ್ಗೆ ಕಾವಲಿನ ಗಂಗುಲಪ್ಪ ಆಕೆಯನ್ನು ಗೇಟಿನಲ್ಲಿ ತಡೆದ.

“ಅಕ್ಕಾ, ನಿನ್ ಹೆಸರು ಕಂಪ್ಯೂಟರಾಗೆ ಇಲ್ಲಂತೆ. ನಾನೇನ್ ಮಾಡ್ಲಿ?”

“ಇಲ್ದಿದ್ರೆ ಬುಡು. ಹಣ್ಣಿನ ಹೆಸರಾದ್ರೂ ಐತಾ ಅದ್ರಾಗೆ?”

“ಅದೈತೆ.”

“ಅಂಗಾದ್ರೆ ಅದನ್ನ ಇಲ್ಲಿಗೆ ಕಳ್ಸು. ಇಲ್ಲೇ ಕುಂತ್ಕೊಂತೀನಿ.”

ಹೇಳಿದಂತೆಯೇ ಗೇಟಿನ ಆಚೆ ಹುಣಸೆಮರದ ಬುಡದಲ್ಲಿ ಕುಳಿತುಬಿಟ್ಟರು. ಪರೀಕ್ಷೆಗೆಂದು ಹಣ್ಣನ್ನು ಹೊರಗೆ ಕಳುಹಿಸಲು ಸಮಗ್ರದಲ್ಲಿ ಚೀಟಿಯುಂಟು. ನಾನು ಪ್ರತಿ ಅಟ್ಟಿಯಿಂದ ನಾಲ್ಕು ಹಣ್ಣು ತೆಗೆಸಿ, ಚೀಟಿಯಲ್ಲಿ ‘ಪರೀಕ್ಷಾಲಯ: ಹುಣಸೆಮರ’ ಎಂದು ನಮೂದಿಸಿ ಬುಟ್ಟಿಯಲ್ಲಿ ಕಳುಹಿಸುತ್ತಿದ್ದೇನೆ. ಹಣ್ಣು ಹೊರಗೆ ಹೋಗಬಹುದು, ಹಣ್ಣನ್ನು ಬಲ್ಲವರು ಒಳಗೆ ಬರುವಂತಿಲ್ಲ. ಇದನ್ನು ತಮ್ಮ ಕಚೇರಿ ವ್ಯವಸ್ಥೆಯೆಂದು ಕರೆಯುತ್ತದೆ.

ಆದರೆ ನಾಲ್ಕು ದಿನಗಳಲ್ಲಿ ಎರಡು ತಪ್ಪುಗಳಾಗಿವೆ. ಅರುವತ್ತು ಕ್ರೇಟು ಹಣ್ಣು ಹೋಯಿತು. ತೋಳು ಅಟ್ಟಿಯ ಒಳಗೆ ಹೋಗಬೇಕು. ಅಲ್ಲಿನ ಕಾವು ಕೈಗೆ ತಿಳಿದರೆ ಮಾತ್ರ ಮೂಗಿಗೆ ಅರ್ಥವಾಗುತ್ತದೆ. ಬುಟ್ಟಿಯ ಹಣ್ಣು ಅಟ್ಟಿಯ ಮಾತನ್ನು ಪೂರ್ತಿ ಹೇಳುವುದಿಲ್ಲ. ಎರಡನೆಯ ತಪ್ಪಿನ ದಿನ ಆಕೆ ತಂದ ಮುದ್ದೆಯನ್ನು ಮುಟ್ಟದೆ ಮನೆಗೆ ಹೋದರು. ಅವರನ್ನು ಒಳಗೆ ಬಿಡದಿದ್ದರೆ ಈ ಸುಗ್ಗಿ ಕೈತಪ್ಪುತ್ತದೆ, ಅವರೂ ಕೈತಪ್ಪುತ್ತಾರೆ.

ಕೋಷ್ಟಕವನ್ನು ನಾನು ನಿಲ್ಲಿಸಿಲ್ಲ. ನಿಲ್ಲಿಸುವುದೂ ಇಲ್ಲ.

ಕೋದಂಡರಾಮಪ್ಪ


ಪುಣೆ
12 ಜೂನ್ 2003

ಕೋದಂಡರಾಮಪ್ಪನವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ನಕ್ಕೆ. ಆಮೇಲೆ ನನ್ನ ಸಹಿ ನೆನಪಾಯಿತು.

ನೀವು ಒಂದೇ ಒಂದು ಸುಳ್ಳನ್ನೂ ಬರೆದಿಲ್ಲ. ಏಪ್ರಿಲಿನ ಪತ್ರವನ್ನು ಮತ್ತೆ ತೆಗೆದು ನೋಡಿದೆ. ‘ಸಾಧನ’ ಎಂಬ ಮಾತನ್ನು ನೀವು ಎಲ್ಲೂ ಬಳಸಿಯೇ ಇಲ್ಲ. ಬಳಸಿದವಳು ನಾನು. ನಿಮ್ಮ ಮೇಲೆ ಹೆಚ್ಚು ಸಿಟ್ಟು ಬರುತ್ತಿರುವುದು ಅದಕ್ಕೇ. ಒಬ್ಬ ಹೆಂಗಸನ್ನು ನನ್ನ ಸಹಿಯ ಹಿಂದೆ ಬಚ್ಚಿಟ್ಟು ನೀವು ನಿಶ್ಚಿಂತರಾಗಿ ಕುಳಿತಿರಿ. ನಿಮ್ಮ ಪತ್ರವನ್ನು ಮೇಲಿನವರಿಗೆ ತೋರಿಸಲೇಬೇಕಾಯಿತು. ಇಲ್ಲದ ಯಂತ್ರವನ್ನು ಕಂಪನಿಯ ಸೊತ್ತೆಂದು ಬರೆದವಳೆಂದು ಇಡೀ ಮಹಡಿ ನನ್ನನ್ನು ನೋಡುತ್ತಿದೆ. ಕೌಸ್ತುಭ್ ಲಿಖಿತ ವಿವರಣೆ ಕೇಳಿದ್ದಾರೆ. ಇಪ್ಪತ್ತಮೂರರ ಸಭೆಯಲ್ಲಿ ಆ ದಾಖಲೆಯನ್ನು ಅಳಿಸುತ್ತಾರೆ. ಅದರೊಂದಿಗೆ ಮುನಿಶಾಮಮ್ಮನವರ ವಿಷಯವೂ ಮುಗಿದ ಹಾಗೆ.

ನನಗೆ ಮೊದಲೇ ಏಕೆ ಹೇಳಲಿಲ್ಲ?

ಶ್ರೀಪ್ರಿಯಾ


ಶ್ರೀನಿವಾಸಪುರ
೧೭ ಜೂನ್ ೨೦೦೩

ಅಮ್ಮಾ ಶ್ರೀಪ್ರಿಯಾ,

ತಪ್ಪು ನನ್ನದು. ಅದನ್ನು ಸಣ್ಣದಾಗಿ ತೋರಿಸುವ ಯಾವ ಪದವನ್ನೂ ಇಲ್ಲಿ ಬಳಸುವುದಿಲ್ಲ.

ಏಕೆ ಹೇಳಲಿಲ್ಲವೆಂದು ಕೇಳಿದ್ದೀರಿ. ೧೯೯೮ರಲ್ಲಿ ಹಿಂದಿನ ಮಾಲೀಕರಿಗೆ ಇದೇ ಹುದ್ದೆಗಾಗಿ ಬರೆದಿದ್ದೆ. ಮೂಗಿರುವ ಇನ್ನೊಬ್ಬರನ್ನು ಹಾಕಿಕೊಳ್ಳಿ ಎಂದು ಉತ್ತರ ಬಂತು. ಐದು ವರ್ಷಗಳಾದ ಮೇಲೆ ತಮ್ಮ ಪತ್ರ ಬಂತು. ಎಲ್ಲಿ ಹುಟ್ಟಿದ್ದು, ಯಾವ ಹೊತ್ತಿನಲ್ಲಿ ನಿಖರ, ಬೇರೆಡೆಗೆ ಸಾಗಿಸಬಹುದೇ ಎಂದು ಅದರಲ್ಲಿ ಎಷ್ಟು ಆದರದಿಂದ ವಿಚಾರಿಸಿದ್ದಿರಿ. ಆಕೆಯ ಮೂಗಿಗೆ ಅಂಥ ಗೌರವ ಸಿಕ್ಕಿದ್ದು ಅದೇ ಮೊದಲು. ಅದು ಯಂತ್ರವಲ್ಲವೆಂದು ಬರೆದ ಮರುಕ್ಷಣ ಆ ಗೌರವ ಇಳಿದುಹೋಗುತ್ತದೆಂದು ನನಗೆ ಗೊತ್ತಿತ್ತು. ಇಳಿಸಲು ಕೈ ಬರಲಿಲ್ಲ. ಆ ಭಾರ ತಮ್ಮ ತಲೆಯ ಮೇಲೆ ಬೀಳುವುದನ್ನು ಮಾತ್ರ ಯೋಚಿಸಲಿಲ್ಲ.

ಕ್ಷಮೆಯನ್ನು ತಮ್ಮಲ್ಲಿ ಕೇಳುತ್ತಿದ್ದೇನೆ, ಕಂಪನಿಯಲ್ಲಿ ಅಲ್ಲ. ಪೂರ್ಣ ಹೊಣೆ ನನ್ನದೆಂದು ಕೌಸ್ತುಭ್ ಅವರಿಗೆ ಬರೆದ ಪತ್ರ ಇದರೊಂದಿಗಿದೆ. ತಮ್ಮ ಹಿತಕ್ಕಾಗಿ ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ತಪ್ಪುಗಳಿದ್ದರೆ ಅವರು ಪಟ್ಟಿ ಕಳುಹಿಸಲಿ.

ಈ ಮೂವತ್ತರಂದು ನನಗೆ ನಿವೃತ್ತಿ. ಅಲ್ಲಿಯವರೆಗೆ ಕೋಷ್ಟಕ ನಡೆಯುತ್ತದೆ. ಅನಂತರ ನಿಲ್ಲಿಸಬೇಕೆನ್ನುವವರು ತಾವೇ ಬಂದು ತಂತಿಯನ್ನು ಕೀಳಲಿ. ಪ್ರಧಾನ ಕಚೇರಿಯಲ್ಲಿ ಎಲ್ಲವೂ ಸಮಗ್ರದಲ್ಲೇ ನಡೆಯುವುದರಿಂದ ಅಂಥವರು ಅಲ್ಲಿ ಬೇಕಾದಷ್ಟು ಇರಬಹುದು.

ಕೋದಂಡರಾಮಪ್ಪ


ಪುಣೆ
೨೪ ಜೂನ್ ೨೦೦೩

ಮಾನ್ಯರೇ,

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಇಲ್ಲಿ ಎಲ್ಲವೂ ಸಮಗ್ರದಲ್ಲೇ ನಡೆಯುತ್ತದೆಂದು ಬರೆದಿದ್ದೆನಲ್ಲ, ಅದು ಸುಳ್ಳು. ನೀವು ಹೇಳದೆ ಬಿಟ್ಟಿರಿ. ನಾನು ಸುಳ್ಳನ್ನೇ ಹೇಳಿದೆ.

ನಮ್ಮ ಮಹಡಿಯ ಮೂಲೆಯಲ್ಲಿ ಒಂದು ಮೇಜಿನ ಕೆಳಗೆ ಹಳೆಯ ಕಂಪ್ಯೂಟರ್ ಒಂದಿದೆ. ‘ಆರಿಸಬೇಡಿ’ ಎಂದು ಮೂರು ಭಾಷೆಗಳಲ್ಲಿ ಚೀಟಿ ಅಂಟಿಸಿದ್ದಾರೆ. ಅದರಲ್ಲಿ ನಿಮ್ಮದರಂತೆಯೇ ಒಂದು ಕೋಷ್ಟಕ. ಕಟ್ಟಿದವರು ಕೆಲಸ ಬಿಟ್ಟು ನಾಲ್ಕು ವರ್ಷಗಳಾದವು; ಗುಪ್ತಪದ ಯಾರಿಗೂ ಗೊತ್ತಿಲ್ಲ. ದಿನವೂ ಸಂಜೆ ಆರು ಜನ ಸಮಗ್ರದ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು ಬಂದು ಅದಕ್ಕೆ ತುಂಬುತ್ತಾರೆ. ಕಡತಗಳ ಹೆಸರು ‘ಅಂತಿಮ’, ‘ನಿಜವಾದ ಅಂತಿಮ’, ‘ಇದೇ ಅಂತಿಮ ಎರಡು’. ಕಂಪನಿಯ ಅಧ್ಯಕ್ಷರು ಬೆಳಿಗ್ಗೆ ಸಮಗ್ರದ ವರದಿಯೆಂದು ಓದುವುದು ಅಲ್ಲಿಂದ ಬಂದ ಹಾಳೆಯನ್ನು. ಮನೆಗೆ ಹೋಗುವ ಮುಂಚೆ ಕಸ ಗುಡಿಸುವವರು ಪೊರಕೆ ತಾಗಿಸಿಯಾರೆಂದು ಒಬ್ಬರು ನಿಂತು ಕಾಯುತ್ತಾರೆ. ಈ ತಿಂಗಳು ಆ ಪಾಳಿ ನನ್ನದು.

ನಿನ್ನೆಯ ಸಭೆಯಲ್ಲಿ ಕೌಸ್ತುಭ್ ಆ ದಾಖಲೆಯನ್ನು ಅಲ್ಲೇ ಕುಳಿತು ಅಳಿಸುವಂತೆ ಹೇಳಿದರು. ಮನುಷ್ಯರನ್ನು ನೆಚ್ಚಿಕೊಂಡ ಇಂಥ ತೇಪೆಯ ಕೆಲಸ ಕಂಪನಿಯಲ್ಲಿ ಎಲ್ಲೂ ಇರಬಾರದೆಂದು ಎಲ್ಲರ ಮುಂದೆ ಹೇಳಿದರು. ನಾನು ಎದ್ದು ನಿಂತೆ.

“ಅಳಿಸ್ತೀನಿ ಸರ್. ಅದಕ್ಕೆ ಮುಂಚೆ ನೀವು ಆ ಮೇಜಿನ ಕೆಳಗಿರೋ ಕಂಪ್ಯೂಟರ್ ಆರಿಸಿ ಬನ್ನಿ” ಎಂದೆ.

ಇಪ್ಪತ್ತು ಜನರಿದ್ದರು. ಯಾರೂ ಏಳಲಿಲ್ಲ.

ಆಮೇಲೆ ಇನ್ನೊಂದನ್ನು ತೋರಿಸಿದೆ. ಸಂಖ್ಯೆ ಪಡೆದ ಪ್ರತಿಯೊಂದು ಸಾಧನಕ್ಕೂ ಅದನ್ನು ನಡೆಸುವವರ ಹುದ್ದೆ ಇರಲೇಬೇಕೆಂಬುದು ಸಮಗ್ರದ ನಿಯಮ. ನಿಮ್ಮ ಸಾಧನದ ಎದುರಿಗೆ ‘ನಿರ್ವಾಹಕರ ಹುದ್ದೆ ಖಾಲಿ’ ಎಂದು ಒಂದು ತಿಂಗಳಿಂದ ಕೆಂಪು ಅಕ್ಷರ ಮಿಣುಕುತ್ತಿತ್ತು. ಅದನ್ನು ತುಂಬಲು ಯಾರ ಮಂಜೂರಾತಿಯೂ ಬೇಡ. ಕೌಸ್ತುಭ್ ಪರದೆಯ ಕಡೆಗೆ ನೋಡದೆಯೇ “ಏನಾದ್ರೂ ಮಾಡ್ಕೊಳ್ಳಿ” ಎಂದು ಮುಂದಿನ ವಿಷಯಕ್ಕೆ ಹೋದರು. ನಾನು ಮಾಡಿಕೊಂಡೆ. ನಮೂನೆ ನಿಮ್ಮ ಯಂತ್ರಕ್ಕೆ ಬರುತ್ತದೆ. ಹೆಸರು ತುಂಬಿ ಕಳುಹಿಸಿ.

ನನಗೆ ಎಚ್ಚರಿಕೆಯ ಪತ್ರವೊಂದನ್ನು ಕೊಟ್ಟಿದ್ದಾರೆ. ಓದಿದೆ. ಉತ್ತರಿಸುವುದಿಲ್ಲ.

ನಿಮ್ಮ,
ಶ್ರೀಪ್ರಿಯಾ


ಶ್ರೀನಿವಾಸಪುರ
೨೯ ಜೂನ್ ೨೦೦೩

ಅಮ್ಮಾ ಶ್ರೀಪ್ರಿಯಾ,

ನಮೂನೆ ನಿನ್ನೆ ಬಂತು. ಗೇಟಿನ ಬಳಿ ಹೋಗಿ ಮುನಿಶಾಮಮ್ಮನವರಿಗೆ ವಿಷಯ ತಿಳಿಸಿದೆ. ಇನ್ನು ಮೇಲೆ ಅವರು ವಾಸನೆಯ ಸಾಧನದ ನಿರ್ವಾಹಕಿ ಎಂದೆ.

“ಅಂದ್ರೆ ಮೂಗಿಗೆ ನಾನು ಆಳಾ, ನನಗೆ ಮೂಗು ಆಳಾ?” ಎಂದು ಕೇಳಿದರು.

ಕಂಪನಿಯ ಲೆಕ್ಕದಲ್ಲಿ ಮೊದಲನೆಯದು ಎಂದೆ. ಅಷ್ಟು ಹೊತ್ತು ನಕ್ಕದ್ದನ್ನು ಹತ್ತೊಂಬತ್ತು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕ್ರೇಟು ಜೋಡಿಸುವ ದಿನಗೂಲಿಯ ಸುನಂದ, ಶ್ಯಾಮಲಮ್ಮ ಇಬ್ಬರನ್ನೂ ಹೆಸರಿಸಿದರು. ಅವರಿಗೂ ಜೂನ್ ಒಂದರಿಂದ ಗೇಟಿನ ಚೀಟಿಯಿಲ್ಲ. ನಾನು ಕಳುಹಿಸಿದ ಪಟ್ಟಿಯಲ್ಲಿ ಅವರ ಹೆಸರು ಕೂಡ ಇರಲಿಲ್ಲ; ವರ್ಷದಲ್ಲಿ ಎರಡೇ ತಿಂಗಳ ಕೆಲಸವೆಂದು ನಾನೇ ಬರೆದಿರಲಿಲ್ಲ. ಮುನಿಶಾಮಮ್ಮನವರು ಅದನ್ನು ನನಗೆ ನೆನಪಿಸಿದರು.

“ಅವರಿಬ್ಬರ್ದೂ ಬರ್ಕೊಳ್ಳಿ ಸಾರ್. ವಾಸನೆ ನೋಡೋದು ನಾನು ಏಳ್ಕೊಡ್ತೀನಿ. ನಾನೊಬ್ಳೇ ಒಳಗೆ ಓಗೋದಾದ್ರೆ ಈ ಮರದ ಕೆಳಗೇ ಇರ್ತೀನಿ.”

ನಮೂನೆಯಲ್ಲಿ ‘ಅಗತ್ಯವಿರುವ ನಿರ್ವಾಹಕರ ಸಂಖ್ಯೆ’ ಎಂಬ ಖಾನೆಯಿತ್ತು. ಅದರಲ್ಲಿ ಒಂದು ಎಂದು ಮೊದಲೇ ತುಂಬಿತ್ತು. ಅಳಿಸಿ ಮೂರು ಎಂದು ಬರೆದೆ. ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಮರಳುಗಡಿಯಾರ ಬಹಳ ಹೊತ್ತು ನಿಂತಿತು. ಗಂಗುಲಪ್ಪನೂ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಕಡೆಗೆ ಮೂರು ಹುದ್ದೆ ಸಂಖ್ಯೆಗಳು ಬಂದವು. ಇಂದು ಬೆಳಿಗ್ಗೆ ಏಳಕ್ಕೆ ಮೂವರೂ ಒಳಗೆ ಬಂದರು.

ಸಂಖ್ಯೆಯನ್ನು ಹೆಚ್ಚಿಸಿದ್ದಕ್ಕೆ ಕಾರಣವನ್ನು ಬರೆಯಲು ನಮೂನೆಯ ಕೆಳಗಡೆ ಆರು ಗೆರೆಗಳ ಜಾಗವಿತ್ತು. ಅದನ್ನು ಖಾಲಿ ಬಿಟ್ಟಿದ್ದೇನೆ. ಕೇಳುವವರಿದ್ದರೆ ಬಂದು ಕೇಳಲಿ.

ತಮ್ಮ,
ಕೋದಂಡರಾಮಪ್ಪ